ಶ್ರೋತೃಧರ್ಮ

ಹಾಡುವವರಿಗೆ ಶಾಸ್ತ್ರವುಂಟು, ಕೇಳುವವರಿಗೆ ಮಾತ್ರ ಯಾವ ಶಾಸ್ತ್ರವೂ ಇಲ್ಲವೆಂಬದು ಲೋಕದ ಭಾವನೆ. ಗಾಯಕನು ಎಳ್ಳಷ್ಟು ಶ್ರುತಿ ತಪ್ಪಿದರೆ ಸಭೆಯಲ್ಲಿ ಕುಳಿತವರು ಒಬ್ಬರ ಮುಖವನ್ನೊಬ್ಬರು ನೋಡುವರು. ಕೇಳುವವನು ನ್ಯಾಯ ತಪ್ಪಿ ಮಾತಾಡಿದರೆ ಅದನ್ನು ತಪ್ಪೆಂದು ಎಣಿಸುವವರೇ ಇಲ್ಲ. ಹಣ ಕೊಟ್ಟವನಿಗೆ, ಇಲ್ಲವೆ ಹೊತ್ತು ಕಳೆದವನಿಗೆ, ಬಾಯಿಗೆ ಬಂದುದನ್ನು ಹೇಳುವ ಅಧಿಕಾರವು ತಾನಾಗಿಯೇ ಬಂದಂತೆ ಎಲ್ಲರೂ ನಡೆಯುವರು. ಈ ಅಧಿಕಾರವು ನಿಜವಾದುದೇ, ನಿಜವಾದರೆ ಅದರ ಎಲ್ಲೆ ಯಾವುದು, ಎಂಬದನ್ನು ವಿಚಾರಿಸುವದು ಅವಶ್ಯವಾಗಿದೆ.

ಈ ವಿಚಾರಕ್ಕೆ ಕಾರಣವು ದೂರದ್ದಲ್ಲ. ಸಿಂಧನೂರು, ಲಿಂಗಸೂಗೂರು, ಮಸ್ಕಿ ಈ ಮೂರು ಊರುಗಳ ಓದುಬರಹ ಬಲ್ಲ ಮನೆಗಳಲ್ಲಿ ಈಗ ಎರಡು ತೆರನಾದ ಸಂಗೀತವು ಒಂದೇ ಗೋಡೆಯ ಆಚೆಗೂ ಈಚೆಗೂ ನಡೆದಿರುವದು. ಪಡಸಾಲೆಯಲ್ಲಿ ಹಿರಿಯರು ಲಿಂಗಸೂಗೂರಿನ ಪ್ರಾಣೇಶದಾಸರ ಪದವನ್ನೋ, ಇದೇ ಜಿಲ್ಲೆಯ ಸಿದ್ಧರಾಮ ಜಂಬಲದಿನ್ನಿಯವರು ಹಾಡಿದ ವಚನವನ್ನೋ ಕೇಳುತ್ತಿರುವರು. ಒಳಕೋಣೆಯಲ್ಲಿ ಕಾಲೇಜಿಗೆ ಹೋಗುವ ಮಗನೋ ಮಗಳೋ ಕಿವಿಗೆ ಯಂತ್ರವನ್ನಿಟ್ಟುಕೊಂಡು ‘ಇಂಡಿ ರಾಕ್’ ಎಂಬ ಸಂಗೀತದಲ್ಲಿ ಮುಳುಗಿರುವರು. ರಾಕ್ ಎಂದೊಡನೆ ಮಸ್ಕಿಯ ಜನಕ್ಕೆ ತಮ್ಮೂರ ಬಂಡೆಯು ನೆನಪಾಗಬಹುದು; ಆದರೆ ಈ ಹೆಸರು ಬಂಡೆಯಿಂದ ಬಂದುದಲ್ಲ, ತೂಗು, ಅಲುಗು ಎಂಬ ಅರ್ಥವುಳ್ಳ ಬೇರೊಂದು ಇಂಗ್ಲಿಷ್ ಕ್ರಿಯಾಪದದಿಂದ ಬಂದುದು. ಇಂಡಿ ಎಂದರೆ ದೊಡ್ಡ ಕಂಪನಿಗಳ ಆಶ್ರಯವಿಲ್ಲದೆ ಸ್ವತಂತ್ರವಾಗಿ ಹಾಡು ಕಟ್ಟುವವರು. ಇವರು ಹತ್ತು ಹನ್ನೆರಡು ಹಾಡುಗಳ ಪೂರ್ಣ ಸಂಪುಟಕ್ಕಿಂತ ಮೊದಲು, ಇಲ್ಲವೆ ಎರಡು ಸಂಪುಟಗಳ ನಡುವೆ, ನಾಲ್ಕೈದು ಹಾಡುಗಳ ಚಿಕ್ಕ ಮುದ್ರಿಕೆಯೊಂದನ್ನು ಹೊರಡಿಸುವ ವಾಡಿಕೆಯುಂಟು. ಹೊಸ ದಾರಿಯನ್ನು ಪರೀಕ್ಷಿಸಿ ನೋಡಲು ಇದು ಅನುಕೂಲವಾದುದು.

ಹೀಗಿರಲು, ಮೊದಲು ಮೆಲುದನಿಯಲ್ಲಿ ಹಾಡಿ ಜನರ ಪ್ರೀತಿಯನ್ನು ಗಳಿಸಿದ ಮೇಳವೊಂದು ತನ್ನ ಚಿಕ್ಕ ಮುದ್ರಿಕೆಯಲ್ಲಿ ಗಿಟಾರನ್ನು ಗರ್ಜಿಸುವಂತೆ ನುಡಿಸಿ, ದನಿಯನ್ನು ಒರಟುಮಾಡಿಕೊಂಡಿತೆಂದರೆ ಕೇಳುವವರಲ್ಲಿ ಮೂರು ಪಕ್ಷಗಳು ಏಳುವವು. ಒಂದು ಪಕ್ಷದವರು “ಇದು ನಮಗೆ ಹಿಡಿಸಲಿಲ್ಲ” ಎನ್ನುವರು. ಎರಡನೆಯವರು “ಈಗ ಇವರಿಗೆ ಕಸುವು ಬಂದಿತು” ಎನ್ನುವರು. ಮೂರನೆಯವರು “ಇವರು ನಮಗೆ ಮೋಸಮಾಡಿದರು” ಎನ್ನುವರು. ಮೊದಲನೆಯ ಎರಡು ಮಾತುಗಳು ರುಚಿಗೆ ಸಂಬಂಧಿಸಿದವು. ಮೂರನೆಯದು ಹಾಗಲ್ಲ. ಮೋಸವೆಂಬದು ನೀತಿಯ ಮಾತು; ಅದನ್ನು ಆಡಿದವನು ರಸಿಕನ ಪೀಠದಿಂದಿಳಿದು ನ್ಯಾಯಾಧೀಶನ ಪೀಠವನ್ನೇರಿರುವನು. ಅಲ್ಲಿ ಕೂಡ್ರಲು ಅವನಿಗೆ ಅರ್ಹತೆಯುಂಟೆ?

ಈ ಮೂರನೆಯ ಮಾತಿಗೆ ಪರದೇಶದಲ್ಲಿ ಒಂದು ಪ್ರಸಿದ್ಧ ನಿದರ್ಶನವುಂಟು. ಅಮೇರಿಕೆಯ ಬಾಬ್ ಡಿಲನ್ ಎಂಬ ಕವಿಗಾಯಕನು ಬರಿಯ ಮರದ ಗಿಟಾರು ಹಿಡಿದು ಹಾಡಿ ಹೆಸರಾದವನು. 1965ರ ಜುಲೈ ತಿಂಗಳಲ್ಲಿ ನ್ಯೂಪೋರ್ಟಿನ ಜಾನಪದ ಸಂಗೀತದ ಉತ್ಸವದಲ್ಲಿ ಆತನು ವಿದ್ಯುತ್ ಗಿಟಾರನ್ನು ಹಿಡಿದು ವಾದ್ಯಮೇಳದೊಡನೆ ನಿಂತನು. ಸಭೆಯಲ್ಲಿ ಕೂಗಾಟವಾಯಿತು. ಮರುವರ್ಷ 1966ರ ಮೇ 17ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಕೇಳುಗನೊಬ್ಬನು ಆತನನ್ನು “ಜುದಾಸ್” ಎಂದು ಕೂಗಿ ಕರೆದನು. ಮೂವತ್ತು ಬೆಳ್ಳಿಯ ನಾಣ್ಯಗಳಿಗೆ ಏಸುವನ್ನು ಹಿಡಿದುಕೊಟ್ಟ ಶಿಷ್ಯನ ಹೆಸರದು. ವಾದ್ಯವನ್ನು ಬದಲಿಸಿದ ತಪ್ಪಿಗೆ ಗುರುದ್ರೋಹಿಯ ಬಿರುದು! ಅದೇ ಡಿಲನ್ನನಿಗೆ 2016ರಲ್ಲಿ ಸಾಹಿತ್ಯದ ನೋಬೆಲ್ ಪಾರಿತೋಷಕವು ಬಂದಿತು. ಪಾರಿತೋಷಕ ಬಂದುದರಿಂದ ಅಂದಿನ ಆ ಕೇಳುಗನ ರುಚಿಯು ತಪ್ಪಾಯಿತೆಂದು ಹೇಳಲಾಗದು. ಅವನಿಗೆ ಹಿಡಿಸದಿದ್ದುದು ಹಿಡಿಸದೆಯೇ ಉಳಿದಿರಬಹುದು. ಆದರೆ ಅವನು ಆಡಿದ ಮಾತು ರುಚಿಯ ಮಾತಾಗಿರಲಿಲ್ಲವೆಂಬದೇ ಇಲ್ಲಿ ಗಮನಿಸತಕ್ಕದ್ದು.

ಕನ್ನಡನಾಡಿನಲ್ಲಿಯೂ ಇಂಥ ಜಗಳಗಳು ನಡೆಯದೆ ಇಲ್ಲ. ಶಿಶುನಾಳದ ಶರೀಫಸಾಹೇಬರು (1819–1889) ಹೇಳಿದ ತತ್ವಪದಗಳು ಮೊದಲು ಏಕತಾರಿ, ದಮ್ಮಡಿಗಳೊಡನೆ ಭಜನೆಯ ಮೇಳಗಳಲ್ಲಿ ಉಳಿದುಬಂದವು. ಸಿ. ಅಶ್ವತ್ಥರು ಅವುಗಳನ್ನು ಸುಗಮಸಂಗೀತದ ವಾದ್ಯಗಳೊಡನೆ ಹಾಡಿ ಮನೆಮನೆಗೆ ಮುಟ್ಟಿಸಿದರು. 2008ರಲ್ಲಿ ರಘು ದೀಕ್ಷಿತರ ಮೇಳದ ಮೊದಲ ಸಂಪುಟವು ಹೊರಬಂದಾಗ ಶರೀಫರ ಪದಗಳು ಗಿಟಾರು, ಡ್ರಮ್ಮುಗಳ ನಡುವೆ ಕೇಳಿಬಂದವು. ಭಜನೆಯ ಮೇಳದಲ್ಲಿ ಬೆಳೆದವನಿಗೆ ಅಶ್ವತ್ಥರದು ಅಲಂಕಾರ ಹೆಚ್ಚಾದುದೆನಿಸಬಹುದು. ಅಶ್ವತ್ಥರನ್ನು ಕೇಳುತ್ತ ಬೆಳೆದವನಿಗೆ ರಘು ದೀಕ್ಷಿತರದು ಗದ್ದಲವೆನಿಸಬಹುದು. ಪ್ರತಿಯೊಬ್ಬನೂ ತನ್ನ ಹದಿನೆಂಟನೆಯ ವರ್ಷದಲ್ಲಿ ಕೇಳಿದುದನ್ನು ಮೂಲವೆಂದೂ ಅನಂತರದ್ದನ್ನು ಅಪಭ್ರಂಶವೆಂದೂ ತಿಳಿಯುವನು. ಶರೀಫರ ಮೂಲದನಿಯನ್ನಾದರೋ ಈಗ ಬದುಕಿರುವವರಾರೂ ಕೇಳಿದವರಲ್ಲ.

ಆದರೆ ದನಿಯೇ ಗಡುಸಾದ ಸಂಗತಿಗೆ ಇವೆಲ್ಲಕ್ಕಿಂತ ಹತ್ತಿರದ, ಇವೆಲ್ಲಕ್ಕಿಂತ ದೊಡ್ಡದಾದ ದೃಷ್ಟಾಂತವು ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರದು. 1913ರ ಮಾರ್ಚ್ 5ರಂದು ಧಾರವಾಡದಲ್ಲಿ ಹುಟ್ಟಿದ ಇವರ ಮೊದಲ ಗ್ರಾಮೋಫೋನು ತಟ್ಟೆಗಳು 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಿಂದ ಹೊರಬಂದವು. ಆ ಕಾಲದ ತಟ್ಟೆಯ ಒಂದು ಮಗ್ಗುಲು ಮೂರು ಮೂರೂವರೆ ನಿಮಿಷಕ್ಕೆ ಮುಗಿಯುವದು. ರಾಗವೊಂದನ್ನು ಅಷ್ಟರಲ್ಲಿಯೇ ಹಾಡಿ ತೋರಿಸಬೇಕು. ಆ ತಟ್ಟೆಗಳಲ್ಲಿಯ ದನಿಯು ಏರುಶ್ರುತಿಯದು, ತೆಳುವಾದುದು, ಹೆಣ್ಣುಮಗಳ ಕಂಠವೆಂದು ಕೇಳಿದೊಡನೆ ತಿಳಿಯುವಂಥದು. ಮುಂದೆ ಗಂಟಲಿನ ಬೇನೆಯೂ ಅದಕ್ಕೆ ಮಾಡಿದ ಚಿಕಿತ್ಸೆಯೂ ಆದಮೇಲೆ ಆ ಕಂಠವು ತೀರ ಬದಲಾಯಿತು. ಶ್ರುತಿಯು ಇಳಿಯಿತು, ದನಿಯು ಭಾರವಾಯಿತು, ಗಡುಸಾಯಿತು. ರೇಡಿಯೋದಲ್ಲಿ ಕೇಳಿದವರು ಹಾಡುವವರು ಗಂಡಸರೆಂದು ಭ್ರಮಿಸುತ್ತಿದ್ದುದು ಪ್ರಸಿದ್ಧವೇ ಇದೆ.

ಇವರ ಘರಾಣೆಯನ್ನು ನೆನೆದರೆ ಈ ಬದಲಾವಣೆಯ ತೀವ್ರತೆಯು ಇನ್ನೂ ಹೆಚ್ಚಾಗಿ ತೋರುವದು. ಇವರ ಗುರುಗಳು ಕುಂದಗೋಳದ ಸವಾಯಿ ಗಂಧರ್ವರು. ಗುರುಗಳ ಗುರುಗಳು ಅಬ್ದುಲ್ ಕರೀಂಖಾನರು. ಕರೀಂಖಾನರ ಕಂಠವು ನೂಲಿನಂತೆ ನವುರಾದುದು; ಕಿರಾಣಾ ಘರಾಣೆಯೆಂದರೆ ಮಾಧುರ್ಯವೆಂದು ಜನರು ನಂಬುವದಕ್ಕೆ ಅದೇ ಕಾರಣವು. ಆ ಮನೆತನದ ಶಿಷ್ಯೆಯೊಬ್ಬಳ ಕೊರಳಿನಲ್ಲಿ ಇಂಥ ದನಿ ಬಂದರೆ ಕೇಳುವವನಿಗೆ ಏನೆನಿಸಬೇಕು? ಮಾಧುರ್ಯವನ್ನೇ ಅಪೇಕ್ಷಿಸಿ ಬಂದವನಿಗೆ ನಿರಾಶೆಯಾದರೆ ಅದು ಸಹಜವೇ. ಆದರೆ ಆಲಾಪವು ಮುಂದುವರಿದಂತೆ ಸ್ವರವು ಸ್ವರದ ಮೇಲೆ ಕಲ್ಲು ಕಟ್ಟಿದಂತೆ ನಿಲ್ಲುವದನ್ನು ಕೇಳಿದವರು ಇಲ್ಲಿ ಮಾಧುರ್ಯದ ಸ್ಥಾನದಲ್ಲಿ ಬೇರೊಂದು ಗುಣವು ಬಂದು ಕುಳಿತಿರುವದನ್ನು ಕಂಡರು. 1971ರ ಪದ್ಮಭೂಷಣವೂ 2002ರ ಪದ್ಮವಿಭೂಷಣವೂ ಬಂದುದು ಆ ಗಡುಸಾದ ದನಿಗೇ ಹೊರತು ತಟ್ಟೆಯಲ್ಲಿಯ ತೆಳುದನಿಗಲ್ಲ. 2009ರಲ್ಲಿ ಅವರು ತೀರಿಕೊಂಡಾಗ ನಾಡು ನೆನೆದುದೂ ಅದೇ ದನಿಯನ್ನು.

ಇಲ್ಲಿ ಒಬ್ಬರು ಆಕ್ಷೇಪಿಸಬಹುದು: “ಗಂಗೂಬಾಯಿಯವರ ದನಿಯು ದೈವದಿಂದ ಬದಲಾಯಿತು, ಮೇಳದ ಹುಡುಗರು ಬೇಕೆಂದೇ ಬದಲಿಸಿಕೊಂಡರು. ಒಂದಕ್ಕೆ ಕ್ಷಮೆಯುಂಟು, ಇನ್ನೊಂದಕ್ಕಿಲ್ಲ.” ಈ ಭೇದವು ಮೇಲೆ ನೋಡಿದಾಗ ಸರಿಯೆನಿಸಿದರೂ ನಿಲ್ಲತಕ್ಕದ್ದಲ್ಲ. ದನಿಯು ಬದಲಾದುದು ದೈವದಿಂದ; ಆ ದನಿಯಲ್ಲಿಯೇ ಹಾಡುವೆನೆಂದು ನಿಶ್ಚಯಿಸಿದುದು ಪುರುಷಪ್ರಯತ್ನದಿಂದ. ಹಳೆಯ ದನಿಯನ್ನು ಅನುಕರಿಸುತ್ತ ಕೃತಕವಾಗಿ ಹಾಡಬಹುದಿತ್ತು, ಹಾಡುವದನ್ನೇ ಬಿಡಬಹುದಿತ್ತು. ಅವೆರಡನ್ನೂ ಅವರು ಮಾಡಲಿಲ್ಲ. ಅಲ್ಲದೆ ಕೇಳಿದ ಜನರು ಕನಿಕರಪಟ್ಟು ಮನ್ನಿಸಿದರೆಂದು ಹೇಳಿದರೆ ಅದು ಅವರ ಗಾಯನಕ್ಕೆ ಅವಮಾನವು. ಆದುದರಿಂದ ಗಡಸುತನವು ಎಲ್ಲಿಂದ ಬಂದಿತೆಂದು ಕೇಳುವದಕ್ಕಿಂತ ಆ ಗಡಸುತನದಿಂದ ಏನನ್ನು ಕಟ್ಟಿದರೆಂದು ಕೇಳುವದೇ ನ್ಯಾಯವಾದುದು.

ನಮ್ಮ ಅಲಂಕಾರಶಾಸ್ತ್ರಕಾರರು ಈ ವಿಷಯದಲ್ಲಿ ಬಹು ಹಿಂದೆಯೇ ಒಂದು ನಿರ್ಣಯಕ್ಕೆ ಬಂದಿದ್ದರು. ಕಿವಿಗೆ ಕಟುವಾದ ಅಕ್ಷರಗಳ ಜೋಡಣೆಯನ್ನು ಅವರು ಶ್ರುತಿಕಟುವೆಂಬ ದೋಷದಲ್ಲಿ ಎಣಿಸಿದರು. ಆದರೆ ಆನಂದವರ್ಧನನು ಈ ದೋಷವು ನಿತ್ಯವಲ್ಲ, ಅನಿತ್ಯವೆಂದು ಹೇಳಿದನು. ಶೃಂಗಾರದಲ್ಲಿ ಅದು ಬಿಡತಕ್ಕದ್ದು. ರೌದ್ರದಲ್ಲಿ ಅದೇ ಬೇಕಾದದ್ದು. ಮಮ್ಮಟನು ಮಾಧುರ್ಯ, ಓಜಸ್ಸು, ಪ್ರಸಾದ ಎಂಬ ಮೂರು ಗುಣಗಳನ್ನು ಹೇಳಿ, ಓಜಸ್ಸು ಚಿತ್ತವನ್ನು ಉರಿಸಿ ಹಿಗ್ಗಿಸುವಂಥದೆಂದೂ, ವೀರ, ಬೀಭತ್ಸ, ರೌದ್ರಗಳಲ್ಲಿ ಕ್ರಮವಾಗಿ ಹೆಚ್ಚುವದೆಂದೂ ವಿವರಿಸಿದನು. ಮಾಧುರ್ಯವೊಂದೇ ಗುಣವೆಂದು ಅವರಾರೂ ಹೇಳಲಿಲ್ಲ. ಅಂತೆಯೇ ಮುದಗಲ್ಲಿನ ಮೊಹರಮ್ಮಿನಲ್ಲಿ ಹಲಗೆಯ ಪೆಟ್ಟು ಬಿದ್ದಾಗ ಅದು ಗಡುಸಾಯಿತೆಂದು ದೂರುವವರಿಲ್ಲ. ಅಲ್ಲಿ ಕೊಳಲಿನ ನಾದವು ಬಂದರೇ ಜನರು ಬೆರಗಾಗುವರು. ಗಡುಸಾದುದು ದೋಷವೋ ಗುಣವೋ ಎಂಬದನ್ನು ಸಂದರ್ಭವು ತಿಳಿಸುವದು. ಕಿವಿಯ ರೂಢಿಯು ತಿಳಿಸಲಾರದು.

ಹಾಗಾದರೆ ಮೋಸವಾಯಿತೆಂಬ ಭಾವನೆಯು ಹುಟ್ಟುವದಾದರೂ ಎಲ್ಲಿಂದ? ಇದಕ್ಕೆ ಉತ್ತರವನ್ನು ಅಲಂಕಾರಶಾಸ್ತ್ರಕ್ಕಿಂತ ವ್ಯಾಕರಣಶಾಸ್ತ್ರವು ಚೆನ್ನಾಗಿ ಕೊಡುವದು. ಪಾಣಿನಿಯು ಸಂಪ್ರದಾನವೆಂಬ ಕಾರಕವನ್ನು ನಿರೂಪಿಸುವಾಗ ಯಾರನ್ನು ಉದ್ದೇಶಿಸಿ ಕೊಡುವರೋ ಅವನನ್ನು ಮೊದಲು ಹೇಳಿದನು. ಅದರ ಮರುಸೂತ್ರದಲ್ಲಿಯೇ ಒಂದು ವಸ್ತುವು ಯಾರಿಗೆ ರುಚಿಸುವದೋ ಅವನನ್ನೂ ಅದೇ ಕಾರಕದಲ್ಲಿ ಸೇರಿಸಿದನು. ಇನ್ನೊಂದು ಸೂತ್ರವನ್ನು ದಾಟಿದರೆ ಸಾಲ ಕೊಟ್ಟ ಧಣಿಯು, ಅಂದರೆ ಉತ್ತಮರ್ಣನು, ಅದೇ ಕಾರಕದಲ್ಲಿ ಬಂದು ನಿಲ್ಲುವನು. ಕನ್ನಡದಲ್ಲಿಯೂ ಇದು ಹೀಗೆಯೇ ಇದೆ: “ನನಗೆ ಕೊಟ್ಟರು”, “ನನಗೆ ರುಚಿಸಿತು”, “ನನಗೆ ಕೊಡಬೇಕಾಗಿದೆ”. ಮೂರಕ್ಕೂ ಒಂದೇ ಚತುರ್ಥೀ ವಿಭಕ್ತಿಯು. ದಾನವನ್ನು ಪಡೆದವನು, ರುಚಿಯನ್ನು ಕಂಡವನು, ಸಾಲವನ್ನು ವಸೂಲುಮಾಡುವವನು ಈ ಮೂವರೂ ಒಂದೇ ಉಡುಪನ್ನು ಧರಿಸಿರುವರು.

ಕೇಳುಗನ ತಪ್ಪೆಲ್ಲವೂ ಈ ಉಡುಪಿನ ಸಾಮ್ಯದಿಂದ ಹುಟ್ಟಿದ ಭ್ರಾಂತಿಯು. ಹಾಡು ಮೊದಲ ಸಲ ಕಿವಿಗೆ ಬಿದ್ದಾಗ ಅವನು ದಾನವನ್ನು ಪಡೆದವನು. ಅದು ಮನಸ್ಸಿಗೆ ಒಪ್ಪಿದಾಗ ರುಚಿಯನ್ನು ಕಂಡವನು. ಹತ್ತು ಸಲ ಕೇಳಿ, ಅದರೊಡನೆ ತನ್ನ ಸಂತೋಷ ದುಃಖಗಳನ್ನು ಹೆಣೆದುಕೊಂಡ ತರುವಾಯ ಅವನಿಗೆ ತಿಳಿಯದಂತೆಯೇ ಅವನು ಉತ್ತಮರ್ಣನಾಗುವನು: ನಾನು ಪ್ರೀತಿಸಿದೆನು, ಆದುದರಿಂದ ನನಗೆ ಅದೇ ತೆರನಾದ ಹಾಡನ್ನು ಕೊಡತಕ್ಕದ್ದು! ಸಾಲವನ್ನು ಯಾರೂ ತೆಗೆದುಕೊಂಡಿಲ್ಲ, ಪತ್ರವನ್ನು ಯಾರೂ ಬರೆದಿಲ್ಲ. ಬಡ್ಡಿಯ ಲೆಕ್ಕ ಮಾತ್ರ ಬೆಳೆಯುತ್ತಿರುವದು. ಅಭಿನವಗುಪ್ತನು ರಸಕ್ಕೆ ಬರುವ ವಿಘ್ನಗಳನ್ನು ಎಣಿಸುವಾಗ ಕೇಳುವವನು ತನ್ನ ಸುಖದುಃಖಗಳಿಗೇ ವಶನಾಗಿರುವದನ್ನೂ ಒಂದು ವಿಘ್ನವೆಂದು ಹೇಳಿರುವನು. ಹೊಸ ಮುದ್ರಿಕೆಯನ್ನು ಕೇಳುತ್ತಿರುವವನು ಎಷ್ಟೋ ಸಲ ಅದನ್ನು ಕೇಳುತ್ತಿರುವದಿಲ್ಲ. ತನ್ನ ಹಳೆಯ ದಿನಗಳನ್ನು ಅದರಲ್ಲಿ ಹುಡುಕುತ್ತ, ಅವು ಸಿಗಲಿಲ್ಲವೆಂದು ಸಿಟ್ಟಾಗಿರುವನು. ಹಳೆಯ ತಟ್ಟೆಯನ್ನಾದರೋ ಯಾರೂ ಒಡೆದಿರುವದಿಲ್ಲ. ‘ಗಾಂಧಾರಿ’ಯ ತೆಳುದನಿಯು ಈಗಲೂ ಅಲ್ಲಿಯೇ ಇದೆ, ಬೇಕಾದವರು ಕೇಳಬಹುದು. ಕಳೆದುಹೋದದ್ದು ಕೇಳುವವನ ಕಾಲ, ಹಾಡುವವರ ನಿಷ್ಠೆಯಲ್ಲ.

ಇನ್ನು ಪೂರ್ವಪಕ್ಷಗಳನ್ನು ನೋಡೋಣ. ಮೊದಲನೆಯದು: “ಸಿಂಧನೂರಿನ ಪೇಟೆಯಲ್ಲಿ ಸೋನಾಮಸೂರಿಯ ಚೀಲವೆಂದು ಬರೆದು ಒಳಗೆ ಬೇರೆ ಅಕ್ಕಿಯನ್ನು ತುಂಬಿದರೆ ಅದು ಮೋಸವಲ್ಲವೆ? ಅದೇ ಹೆಸರಿನ ಮೇಳವು ಬೇರೆ ಸಂಗೀತವನ್ನು ಕೊಟ್ಟರೆ ಅದೂ ಹಾಗೆಯೇ.” ಇದು ಬಲವಾದ ಮಾತು. ಆದರೆ ಚೀಲದ ಮೇಲಿನ ಹೆಸರು ಒಳಗಿನ ಪದಾರ್ಥವನ್ನು ಹೇಳುವದು. ಮೇಳದ ಹೆಸರು ಕಟ್ಟುವವರನ್ನು ಹೇಳುವದು. ಆ ಹೆಸರಿನಲ್ಲಿ ಒಂದು ವಾಗ್ದಾನವಿದ್ದರೆ ಅದು ಇಷ್ಟೇ: ಇದನ್ನು ನಾವೇ ಮಾಡಿದೆವು, ಮನಃಪೂರ್ವಕವಾಗಿ ಮಾಡಿದೆವು. ಮನಸ್ಸು ಬದಲಾದ ಮೇಲೂ ಹಳೆಯ ಮೆಲುದನಿಯನ್ನೇ ವ್ಯಾಪಾರಕ್ಕಾಗಿ ಹಾಡುತ್ತಿದ್ದರೆ ಚೀಲದ ಮೋಸವು ನಡೆಯುವದು ಆಗಲೇ.

ಎರಡನೆಯ ಪೂರ್ವಪಕ್ಷವು: “ಹಾಗಾದರೆ ಯಾವುದನ್ನೂ ಕೆಟ್ಟದ್ದೆನ್ನಲಾಗದು, ಅರಚಿದವರೆಲ್ಲರೂ ಗಾಯಕರೇ ಆದರು.” ಇದೂ ಸಲ್ಲದು. ಹಳೆಯದೆಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಲ್ಲ, ಹೊಸದೆಂದ ಮಾತ್ರಕ್ಕೆ ಕಾವ್ಯವು ಕೆಟ್ಟದ್ದಲ್ಲ ಎಂದು ಕಾಳಿದಾಸನು ಮಾಲವಿಕಾಗ್ನಿಮಿತ್ರದ ಪ್ರಸ್ತಾವನೆಯಲ್ಲಿ ಸೂತ್ರಧಾರನಿಂದ ಹೇಳಿಸಿದುದು ಪರೀಕ್ಷೆಯನ್ನು ಕೈಬಿಡಬೇಕೆಂದಲ್ಲ, ಪರೀಕ್ಷಿಸಿಯೇ ಒಂದನ್ನು ಹಿಡಿಯಬೇಕೆಂದು. ಆದುದರಿಂದ ಗಡುಸಾದ ಹಾಡನ್ನು ಪರೀಕ್ಷಿಸತಕ್ಕ ಪ್ರಶ್ನೆಗಳುಂಟು. ಹಾಡಿನ ಮಾತು ಆ ಗಡಸುತನವನ್ನು ಬೇಡುವದೋ? ಮೊದಲಿನಿಂದ ಕಡೆಯವರೆಗೆ ಒಂದೇ ಸಮನೆ ಗರ್ಜಿಸಿ ಗರ್ಜನೆಯ ಬೆಲೆಯನ್ನೇ ಕಳೆದಿರುವರೋ? ತಮ್ಮ ಶಕ್ತಿಯಿಂದ ಗಡುಸಾಗಿರುವರೋ, ಇನ್ನೊಬ್ಬರ ಸಿಟ್ಟನ್ನು ಎರವಲು ತಂದಿರುವರೋ? ಈ ಪ್ರಶ್ನೆಗಳನ್ನು ಕೇಳಿ “ಇದು ಸೋತಿತು” ಎಂದು ಹೇಳಿದವನು ಹಾಡಿಗೆ ಉಪಕಾರವನ್ನೇ ಮಾಡಿದನು. ಹೊಸದೆಂಬ ಕಾರಣಕ್ಕೇ ಹೊಗಳುವ ಎರಡನೆಯ ಪಕ್ಷದವರೂ ಇವುಗಳಿಗೆ ಉತ್ತರ ಕೊಡಲು ಬದ್ಧರು. ಅಬ್ಬರಕ್ಕೆಲ್ಲ ತಲೆದೂಗುವದು ರಸಿಕತೆಯಲ್ಲ. ಇನ್ನು ನಡುರಾತ್ರಿಯಲ್ಲಿ ಧ್ವನಿವರ್ಧಕ ಹಚ್ಚಿ ನೆರೆಮನೆಯ ರೋಗಿಯ ನಿದ್ದೆಗೆಡಿಸುವದು ದೋಷವೇ. ಆದರೆ ಅದು ಗಡುಸುಹಾಡಿಗೂ ಜೋಗುಳಕ್ಕೂ ಸಮನಾದ ದೋಷ, ಸಂಗೀತದ ವಿಚಾರಕ್ಕೆ ಹೊರಗಿನದು.

ಇದೆಲ್ಲವೂ ಹುಡುಗರ ಆಟದ ಮಾತು, ಇದಕ್ಕಿಷ್ಟು ಧರ್ಮವಿಚಾರವೇಕೆ ಎಂದು ಕೆಲವರು ನಗಬಹುದು. ಅವರು ತಮ್ಮ ಊರ ಭಜನೆಯ ಮೇಳವನ್ನು ನೆನೆಯಲಿ. ಹತ್ತು ಹನ್ನೊಂದು ವರ್ಷದ ಹುಡುಗನು ಗಿಣಿಯಂತೆ ಹಾಡುವನು, ಹಿರಿಯರು ತಲೆದೂಗುವರು. ಹದಿನಾಲ್ಕರಲ್ಲಿ ಅವನ ದನಿಯು ಒಡೆಯುವದು. ಅಂದು ಅವನು ಪಲ್ಲವಿಯನ್ನೆತ್ತಿದಾಗ ಯಾರೋ ಒಬ್ಬರು ನಕ್ಕು, “ತಮ್ಮಾ, ನಿನ್ನ ಕಂಠ ಹೋತು ಬಿಡು” ಎನ್ನುವರು. ಹಾಗೆಂದವರು ಮನೆಗೆ ಹೋಗಿ ಉಂಡು ಮಲಗಿ ಮರೆಯುವರು. ಹುಡುಗನು ಮರೆಯುವದಿಲ್ಲ. ಅವನು ತಾಳವನ್ನು ಕೈಗೆ ತೆಗೆದುಕೊಂಡು ಹಿಂದಿನ ಸಾಲಿಗೆ ಸರಿಯುವನು. ಎಷ್ಟೋ ಜನರು ಆಮೇಲೆ ಬದುಕಿನುದ್ದಕ್ಕೂ ಬಾಯಿಬಿಟ್ಟು ಹಾಡುವದಿಲ್ಲ. ದನಿಯು ಒಡೆದುದು ಕೆಡುವದಕ್ಕಲ್ಲ, ಗಂಡಸಿನ ದನಿಯಾಗುವದಕ್ಕೆ. ಅದು ಪಕ್ವವಾಗುವವರೆಗೆ ಕಾಯುವ ತಾಳ್ಮೆಯು ಕೇಳುವವರಲ್ಲಿ ಇರಲಿಲ್ಲವಷ್ಟೆ. ಗಂಗೂಬಾಯಿಯವರಿಗೆ ಹಾಗೆಂದವರ ಮಾತನ್ನು ಅವರು ಕೇಳಿದ್ದರೆ ನಾಡಿಗೆ ಆಗುತ್ತಿದ್ದ ನಷ್ಟವನ್ನು ಊಹಿಸಬಹುದು. ಹಿಂದಿನ ಸಾಲಿಗೆ ಸರಿದ ಹುಡುಗರಿಂದ ಆದ ನಷ್ಟವನ್ನು ಊಹಿಸಲೂ ಬರುವದಿಲ್ಲ.

ಆದುದರಿಂದ ಶ್ರೋತೃಧರ್ಮವೆಂಬದು ಮೂರು ನಿಯಮಗಳಲ್ಲಿ ಅಡಗಿದೆ. ಮುದ್ರಿಕೆಯು ಚಿಕ್ಕದೆಂದು ಕೇಳುವಿಕೆಯನ್ನು ಚಿಕ್ಕದು ಮಾಡದೆ, ಹಳೆಯ ನೆನಪು ತಣಿಯುವವರೆಗೆ ಮತ್ತೆ ಮತ್ತೆ ಕೇಳುವದು ಮೊದಲನೆಯದು. ಹಿಡಿಸದಿದ್ದರೆ “ನನಗೆ ಹಿಡಿಸಲಿಲ್ಲ” ಎಂದು ಚತುರ್ಥಿಯನ್ನು ಮರೆಯದೆ ಹೇಳುವದು ಎರಡನೆಯದು. “ನನಗೆ” ಎಂಬ ಆ ಒಂದು ಪದವು ಮಾತನ್ನು ಸತ್ಯದಲ್ಲಿ ನಿಲ್ಲಿಸುವದು. ದೋಷವೆನ್ನುವದಾದರೆ ಕಾರಣವನ್ನು ಕೊಡುವದು, ದ್ರೋಹವೆಂಬ ಮಾತನ್ನು ದ್ರೋಹಕ್ಕಾಗಿಯೇ ಕಾದಿಡುವದು ಮೂರನೆಯದು.

1915ರಲ್ಲಿ ಅಂದಿನ ನಿಜಾಮ ಸಂಸ್ಥಾನದ ಮಸ್ಕಿಯಲ್ಲಿ, ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನ ಕಣ್ಣಿಗೆ ಒಂದು ಶಾಸನವು ಬಿದ್ದಿತು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬದು ಅದರಿಂದ ಸ್ಪಷ್ಟವಾಯಿತು. ದೊಡ್ಡವರಿಗೆ ಮಾತ್ರವಲ್ಲ, ಧರ್ಮದಲ್ಲಿ ತೊಡಗಿದ ಸಣ್ಣವನಿಗೂ ಶ್ರೇಯಸ್ಸು ಸಾಧ್ಯವೆಂದು ಆ ಬಂಡೆಯು ಹೇಳುವದು. ಅದೇ ರಾಜನ ಇನ್ನೊಂದು ಧರ್ಮಲಿಪಿಯು 1980ರ ದಶಕದಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ದೊರೆತ ಕಲ್ಲಿನ ಮೇಲೆಯೂ ಇದೆ. ಮತಮತಗಳ ಜಗಳವನ್ನು ಕುರಿತು ಹೇಳಿದ ಆ ಹನ್ನೆರಡನೆಯ ಲಿಪಿಯಲ್ಲಿ ರಾಜನು, ಎಲ್ಲ ಮತಗಳ ಸಾರವೂ ಬೆಳೆಯುವದಕ್ಕೆ ಮೂಲವು ಮಾತಿನ ನಿಗ್ರಹವೆನ್ನುವನು. ಸಂದರ್ಭವಿಲ್ಲದೆ ತನ್ನದನ್ನು ಹೊಗಳಬಾರದು, ಪರರದನ್ನು ಹಳಿಯಬಾರದು, ಸಂದರ್ಭ ಬಂದರೂ ಹಗುರವಾಗಿ ಹೇಳಬೇಕೆನ್ನುವನು. ಒಬ್ಬರದನ್ನೊಬ್ಬರು ಕೇಳಿ ಎಲ್ಲರೂ ಬಹುಶ್ರುತರಾಗಬೇಕೆಂದು ಬಯಸುವನು. ಬಹುಶ್ರುತನೆಂದರೆ ಬಹಳ ಓದಿದವನೆಂದು ಈಗ ಅರ್ಥಮಾಡುವರು. ಶಬ್ದದ ಮೂಲಾರ್ಥವು ಬಹಳ ಕೇಳಿದವನು ಎಂದೇ ಇದೆ. ಪಡಸಾಲೆಯಲ್ಲಿ ಕುಳಿತ ತಂದೆಯು ಒಳಕೋಣೆಯ ಹಾಡನ್ನೊಮ್ಮೆ ಪೂರ್ತಿಯಾಗಿ ಕೇಳಲಿ, ಒಳಕೋಣೆಯ ಮಗನು ಪಡಸಾಲೆಯ ಪದವನ್ನೊಮ್ಮೆ ಪೂರ್ತಿಯಾಗಿ ಕೇಳಲಿ. ಆಮೇಲೆ ಇಬ್ಬರೂ “ನನಗೆ ಹಿಡಿಸಲಿಲ್ಲ” ಎಂದರೂ ಆ ಮನೆಯಲ್ಲಿ ಯಾರಿಗೂ ಅನ್ಯಾಯವಾಗಲಿಲ್ಲವೆಂದೇ ತಿಳಿಯತಕ್ಕದ್ದು.